ಗೋಪಾಲಸ್ವಾಮಿ ಬೆಟ್ಟದ ಆನೆ ದೇವರಿಗೆ ನಮಸ್ಕರಿಸುತ್ತದೆಯೇ? ಒಂದು ಫಾರ್ವರ್ಡ್, ಮನಶ್ಶಾಸ್ತ್ರದ ಏಳು ಪಾಠ

ನಿಮ್ಮ ಫ್ಯಾಮಿಲಿ ಗ್ರೂಪ್‌ಗೂ ಇಂಥದ್ದೊಂದು ವಿಡಿಯೊ ಬಂದಿರಬಹುದು. ಮಂಜು ಮುಸುಕಿದ ಬೆಟ್ಟ, ಹಳೆಯ ದೇವಸ್ಥಾನ, ಅದರ ಹತ್ತಿರ ಒಂದು ಒಂಟಿ ಸಲಗ. ಆನೆ ಸೊಂಡಿಲು ಮೇಲೆತ್ತುತ್ತದೆ, ಸ್ವಲ್ಪ ಹೊತ್ತು ನಿಲ್ಲುತ್ತದೆ, ಹೊರಟುಹೋಗುತ್ತದೆ. ಕೆಳಗಿನ ಒಕ್ಕಣೆ ಹೆಚ್ಚುಕಡಿಮೆ ಒಂದೇ: ಹಿಮವದ್ ಗೋಪಾಲಸ್ವಾಮಿಯ ದರ್ಶನಕ್ಕೆ ಕಾಡಾನೆ ತಪ್ಪದೆ ಬರುತ್ತದೆ, ನಮಸ್ಕಾರ ಮಾಡಿ ಹೋಗುತ್ತದೆ, ನೋಡಿದವರು ಹತ್ತು ಜನಕ್ಕೆ ಕಳಿಸಿ.

ಇದು ನಿಜವೇ? ಚಿಕ್ಕ ಉತ್ತರ: ಆನೆ ಬರುವುದು ನಿಜ. ಸೊಂಡಿಲು ಎತ್ತುವುದೂ ನಿಜ. ಅದು ನಮಸ್ಕಾರ ಎಂಬುದು ನಾವು ಸೇರಿಸಿದ ಮಾತು. ಈ ಮೂರನೆಯ ಭಾಗ ನಮ್ಮ ತಲೆಯಲ್ಲಿ ಹೇಗೆ ಹುಟ್ಟುತ್ತದೆ ಎಂದು ತಿಳಿದುಕೊಂಡರೆ, ಪದವಿ ತರಗತಿಯಲ್ಲಿ ಮನಶ್ಶಾಸ್ತ್ರದ ಮೊದಲ ವರ್ಷ ಕಲಿಸುವ ಮುಖ್ಯ ವಿಚಾರಗಳೆಲ್ಲ ಅರ್ಥವಾದಂತೆಯೇ.

ಇದು ಯಾರ ಭಕ್ತಿಯನ್ನೂ ಪ್ರಶ್ನಿಸುವ ಲೇಖನವಲ್ಲ. ದೇವರು ಇದ್ದಾನೆಯೇ ಎಂಬುದು ಮನಶ್ಶಾಸ್ತ್ರದ ಪ್ರಶ್ನೆಯೂ ಅಲ್ಲ. ಆದರೆ ಕಾಡಾನೆಯನ್ನು 'ಸಾಧು' ಎಂದು ನಂಬಿ ಹತ್ತಿರ ಹೋದರೆ ಜೀವ ಹೋಗಬಹುದು. ಆದ್ದರಿಂದ ಇದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗಿದೆ.

ಮೊದಲು ಜಾಗದ ವಿಚಾರ

ಹಿಮವದ್ ಗೋಪಾಲಸ್ವಾಮಿ ಬೆಟ್ಟ ಇರುವುದು ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನಲ್ಲಿ. ಸಮುದ್ರಮಟ್ಟದಿಂದ 1454 ಮೀಟರ್ ಎತ್ತರ. ಮೇಲಿನ ವೇಣುಗೋಪಾಲಸ್ವಾಮಿ ದೇವಸ್ಥಾನವನ್ನು 1315ರಲ್ಲಿ ಹೊಯ್ಸಳ ದೊರೆ ಮೂರನೇ ಬಲ್ಲಾಳನ ಕಾಲದಲ್ಲಿ ಕಟ್ಟಿಸಲಾಯಿತು ಎಂದು ಹೇಳುತ್ತಾರೆ. ವರ್ಷದ ಬಹುಪಾಲು ಮಂಜು ಕವಿದಿರುವುದರಿಂದಲೇ 'ಹಿಮವದ್' ಎಂಬ ಹೆಸರು.

ಮುಖ್ಯವಾದ ಸಂಗತಿ ಎಂದರೆ, ಈ ಬೆಟ್ಟ ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಳಗೇ ಇದೆ. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ಆರಿಸಿಕೊಂಡ ಮೊದಲ ಒಂಬತ್ತು ಕಾಡುಗಳಲ್ಲಿ ಬಂಡೀಪುರವೂ ಒಂದು. ಖಾಸಗಿ ವಾಹನಗಳನ್ನು ಬೆಟ್ಟದ ಬುಡದಲ್ಲೇ ನಿಲ್ಲಿಸಿ ಕೆಎಸ್‌ಆರ್‌ಟಿಸಿ ಬಸ್‌ನಲ್ಲಿ ಮೇಲೆ ಹೋಗಬೇಕು. ಅಂದರೆ ಅಲ್ಲಿ ಆನೆ ನಮ್ಮ ಜಾಗಕ್ಕೆ ಬರುವುದಿಲ್ಲ, ನಾವು ಆನೆಯ ಜಾಗಕ್ಕೆ ಹೋಗುತ್ತೇವೆ. ಜನರ ಓಡಾಟ ಕಡಿಮೆಯಾದ ಹೊತ್ತಿನಲ್ಲಿ ಆನೆ ಕಾಣಿಸುವುದು ಅಲ್ಲಿ ಪವಾಡವಲ್ಲ, ಕಾಡಿನ ದಿನಚರಿ.

ಪಾಠ 1: ಕಣ್ಣು ನೋಡುವುದು ಒಂದು, ಮಿದುಳು ಓದುವುದು ಇನ್ನೊಂದು

ಬೆಟ್ಟದ ಬಸ್‌ನಲ್ಲಿ ಮೇಲೆ ಹೋಗುತ್ತಿದ್ದೀರಿ ಎಂದುಕೊಳ್ಳಿ. ಹೊರಗೆಲ್ಲ ಮಂಜು. ಯಾರೋ ಒಬ್ಬರು "ಆನೆ, ಆನೆ!" ಎನ್ನುತ್ತಾರೆ. ತಕ್ಷಣ ಬಸ್ಸಿನವರಿಗೆಲ್ಲ ಆನೆ ಕಾಣುತ್ತದೆ, ಬೆನ್ನು, ಕಿವಿ, ಸೊಂಡಿಲು ಸಮೇತ. ಮಂಜು ಸ್ವಲ್ಪ ಸರಿದರೆ ಅದೊಂದು ಬಂಡೆ.

ಯಾರೂ ಸುಳ್ಳು ಹೇಳಿಲ್ಲ. ಕಣ್ಣಿಗೆ ಬಿದ್ದದ್ದು ಬೂದು ಬಣ್ಣದ ಒಂದು ಗುಡ್ಡೆ ಮಾತ್ರ. ಇದನ್ನು ಸಂವೇದನೆ ಎನ್ನುತ್ತಾರೆ. ಅದಕ್ಕೆ 'ಆನೆ' ಎಂಬ ಅರ್ಥ ಕೊಟ್ಟದ್ದು ಮಿದುಳು. ಇದನ್ನು ಗ್ರಹಿಕೆ ಎನ್ನುತ್ತಾರೆ. ಮಾಹಿತಿ ಅರೆಬರೆಯಾಗಿದ್ದಾಗ ಉಳಿದದ್ದನ್ನು ಮಿದುಳು ನಿರೀಕ್ಷೆಯಿಂದ ತುಂಬಿಕೊಳ್ಳುತ್ತದೆ. ಮೋಡದಲ್ಲಿ ಮುಖ, ಗೋಡೆಯ ಕಲೆಯಲ್ಲಿ ದೇವರ ಆಕಾರ ಕಾಣುವುದೂ ಹೀಗೆಯೇ.

ಇದು ಮಿದುಳಿನ ದಡ್ಡತನವೇ? ಅಲ್ಲ. ಬಂಡೆಯನ್ನು ಆನೆ ಎಂದುಕೊಂಡರೆ ಆಗುವ ನಷ್ಟ ಎರಡು ನಿಮಿಷದ ಗಾಬರಿ. ಆನೆಯನ್ನು ಬಂಡೆ ಎಂದುಕೊಂಡರೆ? ಕಾಡಂಚಿನಲ್ಲಿ ಬದುಕಿದ ನಮ್ಮ ಹಿರಿಯರಿಗೆ ಮೊದಲನೆಯ ತಪ್ಪೇ ಕ್ಷೇಮ. ಆ ಜಾಣ ತಪ್ಪು ಮಾಡುವ ಮಿದುಳೇ ನಮಗೂ ಬಂದಿದೆ. ತೊಂದರೆ ಆಗುವುದು ಮೊಬೈಲ್‌ನಲ್ಲಿ ಮಸುಕು ವಿಡಿಯೊ ನೋಡುವಾಗಲೂ ಅದೇ ಮಿದುಳು ಕೆಲಸ ಮಾಡುವುದರಿಂದ.

ಪಾಠ 2: ಚಲಿಸುವುದಕ್ಕೆಲ್ಲ ನಾವು ಮನಸ್ಸು ಕೊಡುತ್ತೇವೆ

1944ರಲ್ಲಿ ಫ್ರಿಟ್ಜ್ ಹೈಡರ್ ಮತ್ತು ಮೇರಿಯನ್ ಸಿಮೆಲ್ ಎಂಬ ಸಂಶೋಧಕರು ಒಂದು ಪುಟ್ಟ ಚಿತ್ರ ಮಾಡಿದರು. ಅದರಲ್ಲಿ ಇದ್ದದ್ದು ಎರಡು ತ್ರಿಕೋನ, ಒಂದು ವೃತ್ತ, ಒಂದು ಚೌಕಾಕಾರದ ಮನೆ. ಇವು ಸುಮ್ಮನೆ ಆಚೀಚೆ ಚಲಿಸುತ್ತವೆ. ನೋಡಿದವರನ್ನು "ಏನು ಕಂಡಿರಿ?" ಎಂದು ಕೇಳಿದರೆ ಬಹುತೇಕ ಎಲ್ಲರೂ ಕಥೆ ಹೇಳಿದರು: ದೊಡ್ಡ ತ್ರಿಕೋನ ಜಗಳಗಂಟ, ಚಿಕ್ಕವು ಹೆದರಿವೆ, ತಪ್ಪಿಸಿಕೊಂಡು ಓಡುತ್ತಿವೆ!

ಕಾಗದದ ತ್ರಿಕೋನಕ್ಕೇ ಸಿಟ್ಟು, ಹೆದರಿಕೆ ಕೊಡುವ ನಾವು, ಬುದ್ಧಿವಂತ ಪ್ರಾಣಿಯಾದ ಆನೆಗೆ ಭಕ್ತಿ ಕೊಡುವುದರಲ್ಲಿ ಆಶ್ಚರ್ಯವೇನಿದೆ? ಅದರಲ್ಲೂ ಗಣಪತಿಯನ್ನು ಪೂಜಿಸುವ, ದಸರಾದಲ್ಲಿ ಅಂಬಾರಿ ಆನೆಗೆ ಕೈಮುಗಿಯುವ ನಾಡಿನಲ್ಲಿ.

ಹಾಗಾದರೆ ಆನೆ ಸೊಂಡಿಲು ಎತ್ತುವುದು ಏಕೆ? ವಾಸನೆ ಹಿಡಿಯಲು. ಆನೆಗೆ ಕಣ್ಣಿಗಿಂತ ಮೂಗು ದೊಡ್ಡ ಆಸ್ತಿ. ಆಫ್ರಿಕಾದ ಆನೆಗಳಲ್ಲಿ ವಾಸನೆ ಗುರುತಿಸುವ ಜೀನ್‌ಗಳು ಸುಮಾರು 2000 ಇವೆ ಎಂದು 2014ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಇದು ನಾಯಿಗಳಲ್ಲಿ ಇರುವುದಕ್ಕಿಂತ ಸುಮಾರು ಎರಡು ಪಟ್ಟು. ಹೊಸ ವಾಸನೆ ಬಂದಾಗ, ಅಪಾಯದ ಅನುಮಾನ ಬಂದಾಗ, ಹತ್ತಿರ ಮನುಷ್ಯರಿದ್ದಾಗ ಆನೆ ಸೊಂಡಿಲು ಎತ್ತಿ ಗಾಳಿಯನ್ನು ಪರೀಕ್ಷಿಸುತ್ತದೆ. ಅಂದರೆ ವಿಡಿಯೊದಲ್ಲಿ ನಾವು ನಮಸ್ಕಾರ ಎಂದುಕೊಂಡದ್ದು, "ಇಲ್ಲಿ ಯಾರಿದ್ದಾರೆ?" ಎಂದು ಆನೆ ಕೇಳುತ್ತಿರುವ ಪ್ರಶ್ನೆ ಇರಬಹುದು. ಅದನ್ನು ಆಶೀರ್ವಾದ ಎಂದುಕೊಂಡು ಎರಡು ಹೆಜ್ಜೆ ಮುಂದಿಟ್ಟರೆ ಏನಾಗಬಹುದು, ಯೋಚಿಸಿ.

ಪಾಠ 3: ಗಂಟೆಯ ಸದ್ದಿಗೆ ಬಾಯಲ್ಲಿ ನೀರು

"ಸರಿ, ಆದರೆ ಅದೇ ಹೊತ್ತಿಗೆ, ಅದೇ ಜಾಗಕ್ಕೆ ಏಕೆ ಬರಬೇಕು?" ಒಳ್ಳೆಯ ಪ್ರಶ್ನೆ. ಉತ್ತರ ರಷ್ಯಾದ ಇವಾನ್ ಪಾವ್ಲೊವ್ ಅವರ ನಾಯಿಗಳಲ್ಲಿದೆ.

ಪಾವ್ಲೊವ್ ಮನಶ್ಶಾಸ್ತ್ರಜ್ಞರಲ್ಲ, ಜೀರ್ಣಕ್ರಿಯೆಯ ಸಂಶೋಧಕರು. ಅದಕ್ಕೇ 1904ರಲ್ಲಿ ನೊಬೆಲ್ ಬಂತು. ನಾಯಿಗಳ ಜೊಲ್ಲನ್ನು ಅಳೆಯುವಾಗ ಅವರಿಗೊಂದು ವಿಚಿತ್ರ ಕಂಡಿತು. ಊಟ ಬಾಯಿಗೆ ಬೀಳುವ ಮೊದಲೇ, ಊಟ ಕೊಡುವವನ ಹೆಜ್ಜೆ ಸಪ್ಪಳಕ್ಕೇ ಜೊಲ್ಲು ಸುರಿಯುತ್ತಿತ್ತು. ಊಟಕ್ಕೆ ಮುಂಚೆ ಪ್ರತಿ ಸಲ ಒಂದು ಸದ್ದು ಕೇಳಿಸಿದರೆ, ಕೆಲವು ದಿನಗಳ ನಂತರ ಬರಿಯ ಸದ್ದಿಗೇ ಜೊಲ್ಲು. ಇದನ್ನು ಅಭಿಜಾತ ಅನುಬಂಧನ ಎನ್ನುತ್ತಾರೆ. ಒಂದರ ಜೊತೆ ಇನ್ನೊಂದು ಮತ್ತೆ ಮತ್ತೆ ಬಂದರೆ, ಮೊದಲನೆಯದೇ ಎರಡನೆಯದರ ಸೂಚನೆ ಆಗಿಬಿಡುತ್ತದೆ.

ನಮಗೂ ಹೀಗೇ. ಒಗ್ಗರಣೆಯ ಚುರ್ ಸದ್ದಿಗೆ ಹಸಿವಾಗುತ್ತದೆ. ಮೊಬೈಲ್‌ನ ಟಿಂಗ್ ಸದ್ದಿಗೆ ಕೈ ಜೇಬಿಗೆ ಹೋಗುತ್ತದೆ.

ದೇವಸ್ಥಾನ ಎಂದರೆ ಬಾಳೆಹಣ್ಣು, ತೆಂಗಿನಕಾಯಿ, ಬೆಲ್ಲ, ಪ್ರಸಾದ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕೆ.ಜಿ. ಮೇವು ಬೇಕು. ಗಂಟೆಗಟ್ಟಲೆ ಹುಲ್ಲು, ತೊಗಟೆ ತಿನ್ನುವ ಪ್ರಾಣಿಗೆ ಒಂದು ಚಿಪ್ಪು ಬಾಳೆಹಣ್ಣು ಎಂದರೆ ಹಬ್ಬದೂಟ. ಕೆಲವು ವಿಡಿಯೊಗಳಲ್ಲಿ ಆನೆಗೆ ಹಣ್ಣು ಸಿಗುವುದೂ ಕಾಣುತ್ತದೆ. ಕರ್ಪೂರದ ವಾಸನೆ, ಗಂಟೆಯ ಸದ್ದು, ಸಂಜೆಯ ಹೊತ್ತು ಇವೆಲ್ಲ ಆನೆಯ ಮಟ್ಟಿಗೆ 'ಇಲ್ಲಿ ಸಿಹಿ ಇದೆ' ಎಂಬ ಸೂಚನೆಯಾಗಲು ಸಾಧ್ಯ.

ಪಾಠ 4: ಒಮ್ಮೆ ಸಿಕ್ಕಿದರೆ ನೂರು ಸಲ ಹುಡುಕುತ್ತೇವೆ

1898ರಲ್ಲಿ ಅಮೆರಿಕದ ಎಡ್ವರ್ಡ್ ಥಾರ್ನ್‌ಡೈಕ್ ಬೆಕ್ಕುಗಳನ್ನು ಪೆಟ್ಟಿಗೆಯಲ್ಲಿಟ್ಟು, ಅಗುಳಿ ತೆಗೆದರೆ ಹೊರಗೆ ಮೀನು ಸಿಗುವಂತೆ ಮಾಡಿದರು. ಮೊದಲು ಬೆಕ್ಕು ಪರಚಿ, ಕಚ್ಚಿ ಒದ್ದಾಡಿ ಹೇಗೋ ಹೊರಬರುತ್ತಿತ್ತು. ಸಲ ಕಳೆದಂತೆ ನೇರ ಅಗುಳಿಗೇ ಕೈ ಹಾಕತೊಡಗಿತು. ಒಳ್ಳೆಯ ಫಲ ಕೊಟ್ಟ ವರ್ತನೆ ಮರುಕಳಿಸುತ್ತದೆ, ಫಲ ಕೊಡದ್ದು ಬಿಟ್ಟುಹೋಗುತ್ತದೆ. ಬಿ.ಎಫ್. ಸ್ಕಿನ್ನರ್ ಇದನ್ನು ಮುಂದುವರಿಸಿದರು. ವರ್ತನೆಯನ್ನು ಗಟ್ಟಿ ಮಾಡುವ ಫಲಕ್ಕೆ ಪುನರ್ಬಲನ ಎಂದು ಹೆಸರು.

ಸ್ಕಿನ್ನರ್ ಅವರ ಕೆಲಸದಿಂದ ಗೊತ್ತಾದ ಒಂದು ಮುಖ್ಯ ವಿಷಯ ಇದು: ಪ್ರತಿ ಸಲವೂ ಸಿಗುವ ಬಹುಮಾನಕ್ಕಿಂತ, ಆಗೊಮ್ಮೆ ಈಗೊಮ್ಮೆ ಸಿಗುವ ಬಹುಮಾನವೇ ಚಟವನ್ನು ಗಟ್ಟಿ ಮಾಡುತ್ತದೆ. ಲಾಟರಿ ಬಿಡುವುದು ಕಷ್ಟವಾಗುವುದು ಇದಕ್ಕೇ.

ಇದಕ್ಕೆ ಉದಾಹರಣೆ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಚಾಮರಾಜನಗರದಿಂದ ಸತ್ಯಮಂಗಲಕ್ಕೆ ಹೋಗುವ ರಸ್ತೆಯಲ್ಲಿ, ಗಡಿಯಾಚೆಯ ಆಸನೂರು ಸುತ್ತಮುತ್ತ, ಆನೆಗಳು ಕಬ್ಬಿನ ಲಾರಿಗಳಿಗಾಗಿ ರಸ್ತೆಯಲ್ಲಿ ಕಾದು ನಿಲ್ಲುವುದನ್ನು ಈ ಭಾಗದ ಚಾಲಕರೆಲ್ಲ ಕಂಡಿದ್ದಾರೆ. ಆನೆ ಅಡ್ಡ ನಿಲ್ಲುತ್ತದೆ, ಚಾಲಕ ಹೆದರಿ ಅಥವಾ ಕನಿಕರದಿಂದ ನಾಲ್ಕು ಜಲ್ಲೆ ಎಸೆಯುತ್ತಾನೆ, ಆನೆ ದಾರಿ ಬಿಡುತ್ತದೆ. ಇಲ್ಲಿ ಇಬ್ಬರೂ ಕಲಿತರು. ಅಡ್ಡ ನಿಂತರೆ ಕಬ್ಬು ಸಿಗುತ್ತದೆ ಎಂದು ಆನೆ ಕಲಿಯಿತು. ಕಬ್ಬು ಎಸೆದರೆ ದಾರಿ ಸಿಗುತ್ತದೆ ಎಂದು ಚಾಲಕ ಕಲಿತ. ಮರಿಗಳು ತಾಯಿಯನ್ನು ನೋಡಿ ಕಲಿಯುತ್ತವೆ. ಎಲ್ಲ ಲಾರಿಯಲ್ಲೂ ಕಬ್ಬು ಇರುವುದಿಲ್ಲ, ಆದರೂ ಆನೆ ಕಾಯುತ್ತದೆ. ಆಗೊಮ್ಮೆ ಈಗೊಮ್ಮೆ ಸಿಗುವುದೇ ಸಾಕು.

ಈಗ ನಮ್ಮ ಕಡೆ ತಿರುಗಿ ನೋಡಿ. ದಿನಕ್ಕೆ ಎಷ್ಟು ಸಲ ಫೋನ್ ತೆಗೆದು ನೋಡುತ್ತೀರಿ? ಹತ್ತರಲ್ಲಿ ಎಂಟು ಸಲ ಏನೂ ಇರುವುದಿಲ್ಲ. ಒಂದೆರಡು ಸಲ ಒಂದು ಒಳ್ಳೆಯ ವಿಡಿಯೊ, ಇಲ್ಲವೇ ನೀವು ಕಳಿಸಿದ ಫಾರ್ವರ್ಡ್‌ಗೆ ನಾಲ್ಕು 'ಹೆಬ್ಬೆರಳು'. ಅಷ್ಟೇ ಸಾಕು, ಮತ್ತೆ ಕೈ ಫೋನಿಗೆ. ಕಬ್ಬಿನ ಲಾರಿ ಕಾಯುವ ಆನೆಯೂ ನಾವೂ ಕಲಿತದ್ದು ಒಂದೇ ಶಾಲೆಯಲ್ಲಿ.

ತಿನಿಸು ಹಾಕುವುದು ಏಕೆ ಅಪಾಯ? ಮನುಷ್ಯರ ಬಗ್ಗೆ ಆನೆಗಿರುವ ಅಂಜಿಕೆ ಕಡಿಮೆಯಾಗುತ್ತದೆ. ಆದರೆ ಅಂಜಿಕೆ ಕಡಿಮೆಯಾಗುವುದು ಎಂದರೆ ಪ್ರೀತಿ ಹುಟ್ಟುವುದು ಎಂದಲ್ಲ. ತಿನಿಸು ಸಿಗದ ದಿನ ಅದೇ ಆನೆ ಸಿಟ್ಟಾಗಬಹುದು. 2025ರ ಆಗಸ್ಟ್‌ನಲ್ಲಿ ಬಂಡೀಪುರದ ಕೆಕ್ಕನಹಳ್ಳ ಬಳಿ ರಸ್ತೆ ಬದಿಯ ಆನೆಯ ಫೋಟೊ ತೆಗೆಯಲು ಹತ್ತಿರ ಹೋದ ಒಬ್ಬರನ್ನು ಆನೆ ಅಟ್ಟಿಸಿಕೊಂಡು ಬಂದು ಕೆಡವಿತು. ಅವರ ಜೀವ ಉಳಿಯಿತು. ಅರಣ್ಯ ಇಲಾಖೆ 25,000 ರೂಪಾಯಿ ದಂಡ ಹಾಕಿತು. ಆ ವಿಡಿಯೊವನ್ನೂ ನೀವು ನೋಡಿರಬಹುದು. 'ಭಕ್ತ ಆನೆ'ಯ ವಿಡಿಯೊ ನೋಡಿದ ಬೆರಳೇ ಅದನ್ನೂ ಫಾರ್ವರ್ಡ್ ಮಾಡಿರಬಹುದು. ಎರಡರಲ್ಲೂ ಇರುವುದು ಒಂದೇ ಬಗೆಯ ಪ್ರಾಣಿ ಎಂಬುದು ಮಾತ್ರ ತಲೆಗೆ ಹೊಳೆಯುವುದಿಲ್ಲ.

ಪಾಠ 5: ಒಕ್ಕಣೆ ನೆನಪನ್ನೇ ಬದಲಿಸುತ್ತದೆ

1974ರಲ್ಲಿ ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ ಕಾರು ಅಪಘಾತದ ಚಿತ್ರವೊಂದನ್ನು ವಿದ್ಯಾರ್ಥಿಗಳಿಗೆ ತೋರಿಸಿದರು. ಕೆಲವರಿಗೆ "ಕಾರುಗಳು ತಾಗಿದಾಗ ವೇಗ ಎಷ್ಟಿತ್ತು?" ಎಂದು ಕೇಳಿದರು. ಇನ್ನು ಕೆಲವರಿಗೆ "ಅಪ್ಪಳಿಸಿ ನುಜ್ಜಾದಾಗ ವೇಗ ಎಷ್ಟಿತ್ತು?" ಎಂದರು. ವಾರದ ನಂತರ "ಒಡೆದ ಗಾಜು ಕಂಡಿತೇ?" ಎಂದು ಕೇಳಿದಾಗ, ಮೊದಲ ಗುಂಪಿನ 50 ಜನರಲ್ಲಿ 7 ಮಂದಿ ಹೌದು ಎಂದರು. ಎರಡನೆಯ ಗುಂಪಿನ 50ರಲ್ಲಿ 16 ಮಂದಿ ಹೌದು ಎಂದರು. ಚಿತ್ರದಲ್ಲಿ ಒಡೆದ ಗಾಜು ಇರಲೇ ಇಲ್ಲ.

ನೆನಪು ಎಂಬುದು ಮೊಬೈಲ್‌ನಲ್ಲಿ ಸೇವ್ ಆದ ವಿಡಿಯೊ ಅಲ್ಲ. ಪ್ರತಿ ಸಲ ನೆನೆದಾಗಲೂ ಮಿದುಳು ಅದನ್ನು ಹೊಸದಾಗಿ ಕಟ್ಟುತ್ತದೆ. ಕಟ್ಟುವಾಗ ಕೇಳಿದ ಮಾತುಗಳನ್ನೂ ಸೇರಿಸಿಕೊಳ್ಳುತ್ತದೆ. 'ಆನೆ ನಮಸ್ಕರಿಸುತ್ತಿದೆ' ಎಂದು ಓದಿ ವಿಡಿಯೊ ನೋಡಿದವರು, ಸ್ವಲ್ಪ ದಿನದ ಮೇಲೆ "ಮಂಡಿ ಊರಿ ನಮಸ್ಕಾರ ಮಾಡಿತು, ನಾನೇ ನೋಡಿದೆ" ಎಂದು ಹೇಳಿದರೆ ಅವರು ಸುಳ್ಳುಗಾರರಲ್ಲ. ಅವರ ನೆನಪು ಮಾಡಬೇಕಾದ ಕೆಲಸವನ್ನೇ ಮಾಡಿದೆ.

ಒಂದು ಸುಲಭ ಪ್ರಯೋಗ ಮಾಡಿ. ಮುಂದಿನ ಸಲ ಇಂಥ ವಿಡಿಯೊ ಬಂದಾಗ ಒಕ್ಕಣೆಯನ್ನು ಕೈಯಲ್ಲಿ ಮುಚ್ಚಿ, ಧ್ವನಿ ತೆಗೆದು ನೋಡಿ. ಹಿನ್ನೆಲೆಯ ಭಕ್ತಿಗೀತೆ ಇಲ್ಲದೆ, ಬರೆದ ಸಾಲು ಇಲ್ಲದೆ, ಕಾಣುವುದೇನು?

ಪಾಠ 6: ಹೊಂದಿದ್ದನ್ನು ಎಣಿಸುತ್ತೇವೆ, ಹೊಂದದ್ದನ್ನು ಬಿಡುತ್ತೇವೆ

ಆನೆ ಬಂದ ದಿನ ವಿಡಿಯೊ ಆಗುತ್ತದೆ. ಬಾರದ ದಿನ ವಿಡಿಯೊ ಯಾರು ಮಾಡುತ್ತಾರೆ? ಆನೆ ದೇವಸ್ಥಾನದ ಕಡೆ ಮುಖ ಮಾಡಿ ನಿಂತರೆ ಸುದ್ದಿ. ಬೆನ್ನು ಮಾಡಿ ಲದ್ದಿ ಹಾಕಿ ಹೋದರೆ ಡಿಲೀಟ್. ನಮ್ಮ ನಂಬಿಕೆಗೆ ಹೊಂದುವುದನ್ನು ಹುಡುಕಿ ಹಿಡಿದು, ಹೊಂದದ್ದನ್ನು ಕಾಣದೆ ಬಿಡುವ ಈ ಸ್ವಭಾವಕ್ಕೆ ದೃಢೀಕರಣ ಪಕ್ಷಪಾತ ಎನ್ನುತ್ತಾರೆ.

ಇದರ ಅತಿ ದೊಡ್ಡ ಉದಾಹರಣೆಯೂ ಇದೇ ಜಿಲ್ಲೆಯಲ್ಲಿದೆ. 'ಚಾಮರಾಜನಗರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಅಧಿಕಾರ ಕಳೆದುಕೊಳ್ಳುತ್ತಾರೆ' ಎಂಬ ಮಾತನ್ನು ಕೇಳದ ಕನ್ನಡಿಗರು ಕಡಿಮೆ. ಪಟ್ಟಿಯೂ ಬಾಯಿಪಾಠ: ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್. ಎಲ್ಲರೂ ಬಂದರು, ಎಲ್ಲರೂ ಕುರ್ಚಿ ಬಿಟ್ಟರು. ಕೇಳಿದರೆ ಮೈ ಜುಮ್ಮೆನ್ನುತ್ತದೆ.

ಆದರೆ ಪಟ್ಟಿಯ ಇನ್ನರ್ಧ ಯಾರೂ ಹೇಳುವುದಿಲ್ಲ. 1990ರ ನಂತರದ ಮುಖ್ಯಮಂತ್ರಿಗಳು 2007ರವರೆಗೆ ಆ ಪಟ್ಟಣದ ಕಡೆ ಸುಳಿಯಲಿಲ್ಲ. ಅವರೆಲ್ಲ ಕುರ್ಚಿ ಉಳಿಸಿಕೊಂಡರೇ? ಎಸ್. ಬಂಗಾರಪ್ಪ 1992ರಲ್ಲಿ ಅಧಿಕಾರ ಬಿಟ್ಟರು. ವೀರಪ್ಪ ಮೊಯಿಲಿ 1994ರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಜೆ.ಎಚ್. ಪಟೇಲ್ 1999ರಲ್ಲಿ, ಎಸ್.ಎಂ. ಕೃಷ್ಣ 2004ರಲ್ಲಿ, ಧರ್ಮಸಿಂಗ್ 2006ರಲ್ಲಿ ಇಳಿದರು. ಎಚ್.ಡಿ. ದೇವೇಗೌಡರು 1996ರಲ್ಲಿ ಹುದ್ದೆ ಬಿಟ್ಟದ್ದು ಪ್ರಧಾನಿಯಾಗಲು. ಬಂದವರೂ ಇಳಿದರು, ಬಾರದವರೂ ಇಳಿದರು.

2007ರಲ್ಲಿ ಎಚ್.ಡಿ. ಕುಮಾರಸ್ವಾಮಿ ಬಂದರು, ಅದೇ ವರ್ಷ ಅಧಿಕಾರ ಹೋಯಿತು. "ನೋಡಿದಿರಾ!" ಎಂದರು ಜನ. ಆದರೆ ಅವರದು ಮೊದಲೇ ಮಾತಾಗಿದ್ದ 20 ತಿಂಗಳ ಸರದಿ. ಅದು ಮುಗಿಯುವ ತಿಂಗಳು ಭೇಟಿಗೆ ಮುಂಚೆಯೇ ಎಲ್ಲರಿಗೂ ಗೊತ್ತಿತ್ತು.

ಸಿದ್ದರಾಮಯ್ಯ 2013ರಲ್ಲಿ ಬಂದರು, ಆಮೇಲೂ ಹಲವು ಸಲ ಬಂದರು, 2018ರವರೆಗೆ ಐದು ವರ್ಷ ಪೂರ್ತಿ ಮುಗಿಸಿದರು. ಅರಸು ಅವರ ನಂತರ ಹೀಗೆ ಪೂರ್ಣ ಅವಧಿ ಮುಗಿಸಿದ ಮೊದಲ ಮುಖ್ಯಮಂತ್ರಿ ಅವರು. ಆಗ ನಂಬಿಕೆ ಬಿತ್ತೇ? ಇಲ್ಲ. "2018ರ ಚುನಾವಣೆಯಲ್ಲಿ ಸೋತರಲ್ಲ" ಎಂದರು. 2023ರಲ್ಲಿ ಅವರೇ ಮತ್ತೆ ಮುಖ್ಯಮಂತ್ರಿಯಾದರು. ಬಸವರಾಜ ಬೊಮ್ಮಾಯಿ 2022ರ ಡಿಸೆಂಬರ್‌ನಲ್ಲಿ ಬಂದು 2023ರಲ್ಲಿ ಸೋತದ್ದನ್ನೂ ಪಟ್ಟಿಗೆ ಸೇರಿಸುತ್ತಾರೆ. ಆದರೆ 1985ರ ನಂತರ ಕರ್ನಾಟಕದಲ್ಲಿ ಯಾವ ಆಡಳಿತ ಪಕ್ಷವೂ ಸತತ ಎರಡನೆಯ ಸಲ ಬಹುಮತ ಪಡೆದಿಲ್ಲ. ಇಂಥ ರಾಜ್ಯದಲ್ಲಿ ಯಾವ ಊರಿನ ಹೆಸರು ಹೇಳಿದರೂ 'ಶಾಪ' ಫಲಿಸುತ್ತದೆ.

ಸಂಬಂಧವಿಲ್ಲದ ಎರಡರ ನಡುವೆ ಸಂಬಂಧ ಕಾಣುವ ಈ ತಪ್ಪನ್ನು ಹಿಡಿಯಲು ಒಂದು ಸುಲಭ ಲೆಕ್ಕವಿದೆ. ಕಾಗದದ ಮೇಲೆ ನಾಲ್ಕು ಮನೆ ಬರೆಯಿರಿ: ಬಂದರು-ಇಳಿದರು, ಬಂದರು-ಉಳಿದರು, ಬಾರದಿದ್ದರು-ಇಳಿದರು, ಬಾರದಿದ್ದರು-ಉಳಿದರು. ಫಾರ್ವರ್ಡ್‌ಗಳು ಮೊದಲ ಮನೆಯನ್ನು ಮಾತ್ರ ತೋರಿಸುತ್ತವೆ. ಉಳಿದ ಮೂರನ್ನು ತುಂಬಿದ ಮೇಲೆಯೇ ಮಾತಾಡಬೇಕು.

ಇದು ನಮ್ಮ ಜಿಲ್ಲೆಯದೊಂದೇ ಕಥೆಯಲ್ಲ. ಉತ್ತರ ಪ್ರದೇಶದಲ್ಲಿ ನೊಯ್ಡಾದ ಬಗ್ಗೆ ಇದೇ ಮಾತು 1988ರಿಂದ ಇತ್ತು. ಯೋಗಿ ಆದಿತ್ಯನಾಥ್ 2017ರ ಡಿಸೆಂಬರ್‌ನಲ್ಲಿ ಅಲ್ಲಿಗೆ ಹೋದರು, 2022ರಲ್ಲಿ ಮರಳಿ ಗೆದ್ದರು.

ನಷ್ಟ ಯಾರಿಗೆ? 1997ರಲ್ಲಿ ಮೈಸೂರಿನಿಂದ ಬೇರೆಯಾದ ಹೊಸ ಜಿಲ್ಲೆ ಇದು. ಕಾಡು, ಬುಡಕಟ್ಟು ಹಾಡಿಗಳು, ಮಳೆ ನಂಬಿದ ರೈತರು. ಜಿಲ್ಲಾ ಕೇಂದ್ರಕ್ಕೆ ವರ್ಷಗಟ್ಟಲೆ ಮುಖ್ಯಮಂತ್ರಿಯೇ ಬರಲಿಲ್ಲ ಎಂದರೆ ಅಹವಾಲು ಹೇಳಿಕೊಳ್ಳುವುದು ಯಾರ ಮುಂದೆ? ಶಾಪ ಎಂಬುದು ಮುಖ್ಯಮಂತ್ರಿಗಳಿಗೆ ತಟ್ಟಿತೋ ಇಲ್ಲವೋ, ಅದನ್ನು ನಂಬಿದ್ದರ ಬಿಸಿ ಜಿಲ್ಲೆಯ ಜನರಿಗಂತೂ ತಟ್ಟಿತು.

ಮನೆಯೊಳಗಿನ ಮಾತಿಗೂ ಈ ಲೆಕ್ಕ ಅನ್ವಯಿಸುತ್ತದೆ. ಮಕ್ಕಳಿಲ್ಲದವರು ಗೋಪಾಲಸ್ವಾಮಿಗೆ ಹರಕೆ ಹೊರುವುದು ಹಳೆಯ ರೂಢಿ. ಮಗುವಾದವರು ಹರಕೆ ತೀರಿಸಲು ಮತ್ತೆ ಬರುತ್ತಾರೆ, ನಾಲ್ಕು ಜನಕ್ಕೆ ಹೇಳುತ್ತಾರೆ. ಆಗದವರು ಮೌನವಾಗಿರುತ್ತಾರೆ. ಹಾಗಾಗಿ ನಮ್ಮ ಕಿವಿಗೆ ಬೀಳುವುದು ಒಂದೇ ಬದಿಯ ಮಾತು. ಹರಕೆ ಹೊರಬೇಡಿ ಎಂದು ಯಾರೂ ಹೇಳುತ್ತಿಲ್ಲ. ಆದರೆ ಒಂದು ವರ್ಷ ಪ್ರಯತ್ನಿಸಿಯೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಿಗೇ, ಇಬ್ಬರೂ ವೈದ್ಯರನ್ನು ಕಾಣಬೇಕು. 'ಇಬ್ಬರೂ' ಎಂಬ ಮಾತು ಮುಖ್ಯ, ಏಕೆಂದರೆ ತೊಂದರೆ ಗಂಡಸಿನ ಕಡೆಯೂ ಅಷ್ಟೇ ಸಾಮಾನ್ಯ. ಪೂಜೆಯ ಜೊತೆಗೆ ಚಿಕಿತ್ಸೆ ನಡೆಯಲಿ. ಪೂಜೆಯನ್ನು ನಂಬಿ ಚಿಕಿತ್ಸೆ ಮುಂದೂಡಿದರೆ ಕಳೆದ ವರ್ಷಗಳು ಮರಳಿ ಬರುವುದಿಲ್ಲ.

ಪಾಠ 7: ಮೂರು ಸಲ ಕೇಳಿದ್ದು ನಿಜ ಅನ್ನಿಸುತ್ತದೆ

1977ರಲ್ಲಿ ಹ್ಯಾಷರ್, ಗೋಲ್ಡ್‌ಸ್ಟೈನ್, ಟೊಪಿನೊ ಎಂಬ ಮೂವರು ಸಂಶೋಧಕರು ವಿದ್ಯಾರ್ಥಿಗಳಿಗೆ ಕೆಲವು ಹೇಳಿಕೆಗಳನ್ನು ವಾರಗಳ ಅಂತರದಲ್ಲಿ ಮೂರು ಸಲ ಕೇಳಿಸಿದರು. ಕೆಲವು ನಿಜ, ಕೆಲವು ಸುಳ್ಳು. ಪುನಃ ಪುನಃ ಕೇಳಿದ ಹೇಳಿಕೆಗಳು, ಅವು ಸುಳ್ಳಾಗಿದ್ದರೂ, ಹೆಚ್ಚು ನಿಜವೆನ್ನಿಸುತ್ತಾ ಹೋದವು. ಪರಿಚಿತವಾದದ್ದನ್ನು ಮಿದುಳು ಸಲೀಸಾಗಿ ಓದುತ್ತದೆ. ಆ ಸಲೀಸನ್ನೇ ಸತ್ಯ ಎಂದುಕೊಳ್ಳುತ್ತದೆ.

ಒಂದೇ ವಿಡಿಯೊ ಫ್ಯಾಮಿಲಿ ಗ್ರೂಪ್, ಶಾಲೆಯ ಹಳೆಯ ಸ್ನೇಹಿತರ ಗ್ರೂಪ್, ಬಡಾವಣೆಯ ಗ್ರೂಪ್ ಮೂರರಿಂದಲೂ ಬಂದರೆ ಮೂರು ಸಾಕ್ಷಿ ಸಿಕ್ಕಂತೆ ಅನ್ನಿಸುತ್ತದೆ. ವಾಸ್ತವವಾಗಿ ಅದು ಒಂದೇ ಮಾತು, ಮೂರು ಬಾಯಿ. ಜೊತೆಗೆ, ವಿಸ್ಮಯ, ಸಿಟ್ಟು, ಆತಂಕ ಹುಟ್ಟಿಸುವುದನ್ನು ಜನ ಹೆಚ್ಚು ಹಂಚುತ್ತಾರೆ ಎಂದು 2012ರ ಒಂದು ಅಧ್ಯಯನ ತೋರಿಸಿತು. ಮೈ ಜುಮ್ಮೆನಿಸುವುದು ಬೇಗ ಹರಡುತ್ತದೆ, ಹರಡಿದ್ದು ಪರಿಚಿತವಾಗುತ್ತದೆ, ಪರಿಚಿತವಾದದ್ದು ನಿಜವೆನ್ನಿಸುತ್ತದೆ.

ಆನೆಯ ವಿಡಿಯೊದಿಂದ ಯಾರಿಗೇನು ನಷ್ಟ ಎನ್ನಬಹುದು. ಇದೇ ದಾರಿಯಲ್ಲೇ ಮಕ್ಕಳ ಕಳ್ಳರ ವದಂತಿಯೂ ಹರಡಿತು. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಮಕ್ಕಳಿಗೆ ಚಾಕೊಲೇಟ್ ಕೊಟ್ಟವರನ್ನು ಕಳ್ಳರೆಂದು ಶಂಕಿಸಿ ಗುಂಪು ಹೊಡೆಯಿತು. ಹೈದರಾಬಾದಿನಿಂದ ಬಂದಿದ್ದ ಯುವಕರೊಬ್ಬರು ಸತ್ತರು. ಅದೇ ತಿಂಗಳು ವಾಟ್ಸ್‌ಆ್ಯಪ್ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಕಳಿಸದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಸಂದೇಶ ಬೇರೆ, ಅದನ್ನು ನಂಬುವ ಮಿದುಳು ಒಂದೇ.

ಪಾರಿವಾಳಗಳ ಪೂಜೆ

ಕೊನೆಗೆ ಸ್ಕಿನ್ನರ್ ಅವರ ಇನ್ನೊಂದು ಪ್ರಯೋಗ. 1948ರಲ್ಲಿ ಅವರು ಎಂಟು ಹಸಿದ ಪಾರಿವಾಳಗಳನ್ನು ಬೇರೆ ಬೇರೆ ಪೆಟ್ಟಿಗೆಯಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ನಿಗದಿತ ಹೊತ್ತಿಗೊಮ್ಮೆ ಕಾಳು ಬರುವಂತೆ ಮಾಡಿದರು. ಸ್ವಲ್ಪ ದಿನದಲ್ಲಿ ಆರು ಪಾರಿವಾಳಗಳು ವಿಚಿತ್ರ ಆಚರಣೆ ಶುರುಮಾಡಿದ್ದವು. ಒಂದು ಸುತ್ತು ಹಾಕುತ್ತಿತ್ತು, ಇನ್ನೊಂದು ಮೂಲೆಗೆ ತಲೆ ಚಾಚುತ್ತಿತ್ತು, ಮತ್ತೊಂದು ತಲೆ ಮೇಲೆ ಕೆಳಗೆ ಮಾಡುತ್ತಿತ್ತು. ಕಾಳು ಬಿದ್ದ ಕ್ಷಣ ಏನು ಮಾಡುತ್ತಿದ್ದವೋ ಅದರಿಂದಲೇ ಕಾಳು ಬಂತು ಎಂಬಂತೆ ಅವು ನಡೆದುಕೊಂಡವು.

ಪರೀಕ್ಷೆಗೆ ಅದೇ ಪೆನ್ನು, ಮ್ಯಾಚ್ ನೋಡುವಾಗ ಅದೇ ಕುರ್ಚಿ, ಅದೇ ಬಣ್ಣದ ಅಂಗಿ ಎನ್ನುವ ನಮ್ಮನ್ನು ನೋಡಿ ಆ ಪಾರಿವಾಳಗಳು ನಗಲಾರವು.

ಇಲ್ಲಿ ಒಂದು ಆಕಸ್ಮಿಕವನ್ನು ಹೇಳಬೇಕು. ಮೈಸೂರು ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಕಟ್ಟಿದವರ ಹೆಸರು ಡಾ. ಎಂ.ವಿ. ಗೋಪಾಲಸ್ವಾಮಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 'ಆಕಾಶವಾಣಿ' ಹೆಸರಿನ ರೇಡಿಯೊ ಕೇಂದ್ರ ಆರಂಭಿಸಿದವರೂ ಅವರೇ. ಬೆಟ್ಟದ ಹೆಸರಿಗೂ ಅವರ ಹೆಸರಿಗೂ ಏನು ಸಂಬಂಧ? ಏನೂ ಇಲ್ಲ. ಓದುವಾಗ ಒಂದು ಕ್ಷಣ "ಅರೆ!" ಅನ್ನಿಸಿತಲ್ಲವೇ? ಈ ಲೇಖನ ಪೂರ್ತಿ ಹೇಳಿದ್ದು ಆ "ಅರೆ!"ಯ ಬಗ್ಗೆಯೇ.

ಫಾರ್ವರ್ಡ್ ಒತ್ತುವ ಮೊದಲು ಐದು ಪ್ರಶ್ನೆ

1. ಒಕ್ಕಣೆ, ಹಾಡು ತೆಗೆದು ನೋಡಿದರೆ ವಿಡಿಯೊದಲ್ಲಿ ನಿಜವಾಗಿ ಕಾಣುವುದೇನು?

2. ಇದಕ್ಕೆ ಬೇರೆ ಸಾಮಾನ್ಯ ಕಾರಣ ಇರಬಹುದೇ? ಹಸಿವು, ವಾಸನೆ, ರೂಢಿ?

3. ಹೊಂದದ ಉದಾಹರಣೆಗಳು ಎಲ್ಲಿ? ನಾಲ್ಕು ಮನೆಯೂ ತುಂಬಿದೆಯೇ?

4. ಇದು ನನಗೆ ನಿಜ ಅನ್ನಿಸುತ್ತಿರುವುದು ಸಾಕ್ಷಿಯಿಂದಲೋ, ಹಲವು ಸಲ ಕೇಳಿದ್ದರಿಂದಲೋ?

5. ಇದನ್ನು ನಂಬಿ ಯಾರಾದರೂ ನಡೆದುಕೊಂಡರೆ ಅವರಿಗೆ ಅಪಾಯವಿದೆಯೇ?

ಐದನೆಯದಕ್ಕೆ ಉತ್ತರ 'ಹೌದು' ಆದರೆ ಅಲ್ಲೇ ನಿಲ್ಲಿಸಿ.

ಬೆಟ್ಟಕ್ಕೆ ಹೋಗುವವರಿಗೆ

ಹೋಗಿ ಬನ್ನಿ. ಮಂಜು, ಗಾಳಿ, ದೇವರ ದರ್ಶನ ಎಲ್ಲವೂ ಚೆಂದ. ಬೆಟ್ಟ ಇಳಿಯಲು ಹೇಳಿದ ಹೊತ್ತಿಗೆ ಇಳಿಯಿರಿ. ಆನೆ ಕಂಡರೆ ದೂರದಿಂದಲೇ ನೋಡಿ. ಹಣ್ಣು ಎಸೆಯಬೇಡಿ, ಸೆಲ್ಫಿಗೆ ಹೋಗಬೇಡಿ, ಕೂಗಬೇಡಿ. ಕಾಡಿನ ರಸ್ತೆಯಲ್ಲಿ ಗಾಡಿ ನಿಲ್ಲಿಸಿ ಇಳಿಯಬೇಡಿ. ಗೋಪಾಲಸ್ವಾಮಿಗೆ ನೀವು ಕೈಮುಗಿಯಿರಿ. ಆನೆ ಅದರ ಪಾಡಿಗೆ ಇರಲಿ, ಅದಕ್ಕೆ ನೀವು ಕೊಡಬಹುದಾದ ದೊಡ್ಡ ಕಾಣಿಕೆ ನಡುವಿನ ಅಂತರ.